ಬೆಳಗಾವಿಯ ಓಟಗಾರನೂ ಪರರ ಧ್ವಜವೂ

ಬೆಳಗಾವಿಯ ಟಿಳಕವಾಡಿಯಲ್ಲಿ ಕಾಂಗ್ರೆಸ್ ಬಾವಿಯೆಂದು ಹೆಸರಾದ ಬಾವಿಯೊಂದಿದೆ. 1924ರ ಡಿಸೆಂಬರಿನಲ್ಲಿ ಮಹಾತ್ಮಾ ಗಾಂಧಿಯವರ ಅಧ್ಯಕ್ಷತೆಯಲ್ಲಿ ರಾಷ್ಟ್ರೀಯ ಮಹಾಸಭೆಯ ಅಧಿವೇಶನ ಇಲ್ಲಿ ನೆರೆದಾಗ, ಬಂದವರ ನೀರಿನ ಅನುಕೂಲಕ್ಕೆಂದು ತೋಡಿಸಿದ ಬಾವಿ ಅದು. ಸಭೆ ನೆರೆದ ಬಯಲಿಗೆ ವಿಜಯನಗರವೆಂದೂ ಬಾವಿಗೆ ಪಂಪಾಸರೋವರವೆಂದೂ ಆಗ ಹೆಸರಿಟ್ಟಿದ್ದರು. ವರ್ಷಕ್ಕೊಮ್ಮೆ ಒಂಬತ್ತನೆಯ ಇಯತ್ತೆಯ ಮಕ್ಕಳನ್ನು ಅಲ್ಲಿಗೆ ಕರೆದೊಯ್ಯುವುದು ನನ್ನ ರೂಢಿ. ಕನ್ನಡ ಪಂಡಿತನಿಗೆ ಇತಿಹಾಸದ ಉಸಾಬರಿ ಏಕೆಂದು ಸಹೋದ್ಯೋಗಿಗಳು ನಗುತ್ತಾರೆ, ನಗಲಿ.

ಹೀಗೆ ಹೋದಾಗ ಒಮ್ಮೆ, ಬೆಳಗಾವಿಯ ಹೆಸರನ್ನು ಹೊರದೇಶಕ್ಕೆ ಒಯ್ದವರ ಮಾತು ಬಂತು. ಗಾಂಧಿಯವರು ಇಲ್ಲಿಗೆ ಬರುವುದಕ್ಕೆ ನಾಲ್ಕು ವರ್ಷ ಮೊದಲೇ ಈ ಊರಿನವರೊಬ್ಬರು ಒಲಿಂಪಿಕ್ ಪಂದ್ಯಗಳಲ್ಲಿ ಓಡಿಬಂದಿದ್ದರೆಂದೂ, ಅವರ ಹೆಸರು ಫಡೆಪ್ಪ ದರೆಪ್ಪ ಚೌಗುಲೆ ಎಂದೂ ಹೇಳಿದೆ. ಮಕ್ಕಳಿಗೆ ಬೆರಗಾಯಿತು. ಅವರಲ್ಲಿ ಸ್ವತಃ ಓಟಗಾರನಾದ ಹುಡುಗನೊಬ್ಬ ಎದ್ದು ನಿಂತು, “ಸರ, ಅವ್ರು ಯಾರ ಝೆಂಡಾದ ಕೆಳಗ ಓಡಿದ್ರರೀ?” ಎಂದು ಕೇಳಿದ.

ನಾನು ತಡೆದು ನಿಂತೆ. ಉತ್ತರ ಗೊತ್ತಿರಲಿಲ್ಲವೆಂದಲ್ಲ. 1920ರಲ್ಲಿ ನಮಗೆ ನಮ್ಮದೆಂಬ ಧ್ವಜವಿರಲಿಲ್ಲ. ಆಳುವವರ ಧ್ವಜವೇ ನಮ್ಮ ಧ್ವಜವೆನಿಸಿಕೊಂಡಿತ್ತು. ಇಷ್ಟು ಹೇಳಿದರೆ ಪರೀಕ್ಷೆಯ ಉತ್ತರವಾದೀತು. ಆದರೆ ಹುಡುಗನ ಪ್ರಶ್ನೆ ಅಷ್ಟಕ್ಕೇ ನಿಲ್ಲುವಂಥದಲ್ಲ. ಆಟದ ಬಯಲಿನಲ್ಲಿ ನಿಂತವನು ದೇಶದ ವಿಷಯ, ಆಳ್ವಿಕೆಯ ವಿಷಯ, ನ್ಯಾಯಾನ್ಯಾಯದ ವಿಷಯ ಬಾಯಿ ತೆರೆಯಬಹುದೇ, ತೆರೆದರೆ ಏನಾಗುತ್ತದೆ ಎಂಬ ದೊಡ್ಡ ಪ್ರಶ್ನೆಯ ತುದಿ ಅದು. ಆ ತುದಿಯನ್ನು ಹಿಡಿದು ಹಿಂದಕ್ಕೆ ನಡೆದರೆ ಕಾಣುವ ಸಂಗತಿಗಳನ್ನು ವಾಚಕರ ಮುಂದಿಡುತ್ತೇನೆ.

ಮೊದಲು ಚೌಗುಲೆಯವರ ಓಟ. 1919ರಲ್ಲಿ ಪುಣೆಯ ಡೆಕ್ಕನ್ ಜಿಮಖಾನಾದವರು ಆಟೋಟದ ಸ್ಪರ್ಧೆಗಳನ್ನು ನಡೆಸಿದಾಗ ಅದರ ಅಧ್ಯಕ್ಷರಾಗಿದ್ದವರು ಸರ್ ದೋರಾಬ್ಜಿ ಟಾಟಾ. ಓಡಲು ಬಂದವರಲ್ಲಿ ಬಹುಮಂದಿ ಒಕ್ಕಲು ಮಕ್ಕಳು; ಬೂಟಿನ ಸುದ್ದಿ ಅರಿಯದ ಬರಿಗಾಲಿನವರು. ಅವರ ಓಟದ ವೇಳೆಯನ್ನು ಗಡಿಯಾರ ಹಿಡಿದು ನೋಡಿದ ಟಾಟಾ ಅವರಿಗೆ, ಇವರು ಯುರೋಪಿನ ಓಟಗಾರರಿಗಿಂತ ಬಹಳ ಹಿಂದಿಲ್ಲವೆನಿಸಿತು. ಆಗ ಮುಂಬಯಿಯ ಗವರ್ನರರಾಗಿದ್ದ ಸರ್ ಜಾರ್ಜ್ ಲಾಯ್ಡ್ ಅವರ ಸಹಾಯ ಪಡೆದು, ಬೆಲ್ಜಿಯಮ್ ದೇಶದ ಆಂಟ್ವರ್ಪಿನಲ್ಲಿ ನಡೆಯಲಿದ್ದ ಒಲಿಂಪಿಕ್ ಪಂದ್ಯಗಳಿಗೆ ಒಂದು ತಂಡ ಕಳಿಸಲು ಅವರು ಮುಂದಾದರು; ತಮ್ಮ ಕೈಯಿಂದಲೂ ಹಣ ಕೊಟ್ಟರು. ಹಾಗೆ ಹೋದವರು ಆರು ಜನ: ಓಟಗಾರರಾಗಿ ಬಂಗಾಲದ ಪೂರ್ಮಾ ಬ್ಯಾನರ್ಜಿ, ನಮ್ಮ ಚೌಗುಲೆ, ಸದಾಶಿವ ದಾತಾರ, ಕೈಕಾಡಿ, ಮಲ್ಲರಾಗಿ ಕುಮಾರ ನವಲೆ, ರಣಧೀರ ಶಿಂಧೆ. ಈ ಪೈಕಿ ಶಿಂಧೆಯವರು ಕುಸ್ತಿಯಲ್ಲಿ ನಾಲ್ಕನೆಯ ಸ್ಥಾನದವರೆಗೆ ಏರಿ ಪದಕವನ್ನು ಕೂದಲೆಳೆಯಲ್ಲಿ ಕಳೆದುಕೊಂಡರು. ಕುಸ್ತಿಯ ಗರಡಿಗಳಿಗೆ ಹೆಸರಾದ ನಮ್ಮ ಸೀಮೆಯಲ್ಲಿ ಈ ಮಾತು ಇಷ್ಟು ಕಡಿಮೆ ಕೇಳಿಬರುವುದು ನನಗೆ ಆಶ್ಚರ್ಯ.

ಅವರು ಹೊರಟ ಕಾಲ ಎಂಥದು! ಜಲಿಯನ್‌ವಾಲಾ ಬಾಗಿನ ನೆತ್ತರು ಚೆಲ್ಲಿ ಇನ್ನೂ ಒಂದೂವರೆ ವರ್ಷವಾಗಿರಲಿಲ್ಲ. ಬೆಳಗಾವಿಯಲ್ಲಂತೂ 1916ರ ಏಪ್ರಿಲಿನಲ್ಲಿಯೇ ಲೋಕಮಾನ್ಯ ಟಿಳಕರು ತಮ್ಮ ಹೋಮ್ ರೂಲ್ ಲೀಗನ್ನು ಸ್ಥಾಪಿಸಿ, ಸ್ವರಾಜ್ಯವೆಂಬ ಮಾತು ಓಣಿ ಓಣಿಗೆ ಮುಟ್ಟಿತ್ತು. ಆ ಟಿಳಕರು 1920ರ ಆಗಸ್ಟ್ 1ರಂದು ಮುಂಬಯಿಯಲ್ಲಿ ಕಣ್ಣು ಮುಚ್ಚಿದರು. ಅದೇ ದಿನ ಅಸಹಕಾರ ಚಳವಳಿ ಮೊದಲಾಯಿತು. ಎರಡು ವಾರ ಕಳೆಯುವಷ್ಟರಲ್ಲಿ, ಆಗಸ್ಟ್ 14ರಂದು, ಆಂಟ್ವರ್ಪಿನ ಬಯಲಿನಲ್ಲಿ ಪಂದ್ಯಗಳ ಆರಂಭೋತ್ಸವ ನಡೆಯಿತು. ಐದು ಉಂಗುರಗಳ ಒಲಿಂಪಿಕ್ ಧ್ವಜ ಪಂದ್ಯಗಳಲ್ಲಿ ಮೊದಲ ಬಾರಿಗೆ ಏರಿದ್ದು ಅಲ್ಲಿಯೇ. ಆಟಗಾರರೆಲ್ಲರ ಪರವಾಗಿ ಒಬ್ಬನು ಪ್ರತಿಜ್ಞೆ ಮಾಡುವ ಪದ್ಧತಿಯೂ ಅಲ್ಲಿಂದಲೇ ಹುಟ್ಟಿತು. ತಮ್ಮ ದೇಶದ ಗೌರವಕ್ಕಾಗಿಯೂ ಕ್ರೀಡೆಯ ಕೀರ್ತಿಗಾಗಿಯೂ ಆಡುತ್ತೇವೆಂಬುದು ಆ ಪ್ರತಿಜ್ಞೆಯ ಸಾರಾಂಶ. ತಮ್ಮ ದೇಶವೆಂದರೆ ಯಾವುದೆಂದು ಭಾರತದಿಂದ ಹೋದ ಆರು ಜನರು ತಿಳಿಯಬೇಕಾಗಿತ್ತು?

ಆಗಸ್ಟ್ 22ರಂದು ಮ್ಯಾರಥಾನ್ ಓಟ. ಅಂದಿನ ದಾರಿ 42.75 ಕಿಲೋಮೀಟರು, ಒಲಿಂಪಿಕ್ ಪಂದ್ಯಗಳ ಚರಿತ್ರೆಯಲ್ಲಿಯೇ ಅಷ್ಟು ಉದ್ದದ ಮ್ಯಾರಥಾನ್ ಮತ್ತೊಂದಿಲ್ಲ. ಈ ಅಂಕಿ ನಮ್ಮ ಮಕ್ಕಳ ಮನಸ್ಸಿಗೆ ಹತ್ತುವುದಿಲ್ಲವೆಂದು ನಾನು ಹೀಗೆ ಹೇಳುವುದುಂಟು: ಬೆಳಗಾವಿಯಿಂದ ಓಡಲು ಮೊದಲು ಮಾಡಿ ಖಾನಾಪುರ ಮುಟ್ಟಿರಿ, ಅದು ಸುಮಾರು 26 ಕಿಲೋಮೀಟರಾಯಿತು; ಅಲ್ಲಿ ನಿಲ್ಲದೆ ತಿರುಗಿ ಬೆಳಗಾವಿಯ ಕಡೆ ಓಡಿರಿ; ದೇಸೂರಿನ ಸುತ್ತಮುತ್ತ ಎಲ್ಲಿಯೋ ಕುಸಿದು ಕುಳಿತುಕೊಳ್ಳಲು ನಿಮಗೆ ಅನುಮತಿ. ಅಷ್ಟು ದಾರಿಯನ್ನು ಚೌಗುಲೆಯವರು 2 ಗಂಟೆ 50 ನಿಮಿಷ 45 ಸೆಕೆಂಡುಗಳಲ್ಲಿ ಓಡಿ ಹತ್ತೊಂಬತ್ತನೆಯವರಾಗಿ ಮುಟ್ಟಿದರು. ಗೆದ್ದವನಿಗೂ ಇವರಿಗೂ ನಡುವೆ ಹದಿನೆಂಟು ನಿಮಿಷದ ಅಂತರ. ದೇಶದಿಂದ ಮೊದಲ ಬಾರಿಗೆ ಹೋದ ತಂಡದಲ್ಲಿ, ಪರಿಚಯವಿಲ್ಲದ ಹವೆಯಲ್ಲಿ, ಹತ್ತೊಂಬತ್ತನೆಯ ಸ್ಥಾನವನ್ನು ಸಣ್ಣದೆನ್ನುವವರು ದೇಸೂರಿನವರೆಗಿನ ಆ ದಾರಿಯನ್ನು ನಡೆದಾದರೂ ನೋಡಬೇಕು.

ನಾನು ಹೇಳಹೊರಟ ಮುಖ್ಯ ಸಂಗತಿ ಇರುವುದು ಫಲಿತಾಂಶದ ಪಟ್ಟಿಯ ಮೇಲ್ತುದಿಯಲ್ಲಿ. ಅಂದು ಗೆದ್ದವನು ಫಿನ್ಲೆಂಡಿನ ಹಾನ್ನೆಸ್ ಕೊಲೆಹ್ಮೈನೆನ್. ಅವನ ಬೆನ್ನಿಗೇ, ಹದಿಮೂರು ಸೆಕೆಂಡಿನೊಳಗೆ, ಎರಡನೆಯವನಾಗಿ ಬಂದವನು ಎಸ್ಟೋನಿಯಾದ ಯೂರಿ ಲೊಸ್ಮನ್. ಭೂಪಟ ತೆಗೆದು ನೋಡಿದರೆ ಈ ಎರಡೂ ದೇಶಗಳು ಬಾಲ್ಟಿಕ್ ಸಮುದ್ರದ ದಡದಲ್ಲಿ ಒಂದಕ್ಕೊಂದು ಎದುರಾಗಿವೆ. ಕೆಲವೇ ವರ್ಷಗಳ ಹಿಂದೆ ಎರಡೂ ರಷ್ಯದ ಚಕ್ರವರ್ತಿಯ ಅಂಕಿತದಲ್ಲಿದ್ದವು. 1917ರಲ್ಲಿ ಫಿನ್ಲೆಂಡ್, 1918ರಲ್ಲಿ ಎಸ್ಟೋನಿಯಾ ಸ್ವತಂತ್ರವೆಂದು ಸಾರಿಕೊಂಡವು. ಎಂದಮೇಲೆ ಅಂದು ಆಂಟ್ವರ್ಪಿನ ಬೀದಿಗಳಲ್ಲಿ ಎಲ್ಲರಿಗಿಂತ ಮುಂದೆ ಓಡಿದವರಿಬ್ಬರೂ ಆಗತಾನೆ ಬಿಡುಗಡೆಯಾದ ನಾಡುಗಳ ಮಕ್ಕಳು. ಅದೇ ಬೀದಿಗಳಲ್ಲಿ ಬೆಳಗಾವಿಯ ಓಟಗಾರ ಇನ್ನೂ ಬಿಡುಗಡೆಯಾಗದ ನಾಡಿನ ಹೆಸರಿನಲ್ಲಿ ಓಡಿದರು.

ಈ ಕೊಲೆಹ್ಮೈನೆನ್ನನ ಹಿಂದಿನ ಕಥೆಯನ್ನು ಕೇಳಬೇಕು. ಆತ ವೃತ್ತಿಯಿಂದ ಗೌಂಡಿ, ಇಟ್ಟಿಗೆ ಕಟ್ಟುವವನು. 1912ರಲ್ಲಿ ಸ್ಟಾಕ್‌ಹೋಮಿನ ಪಂದ್ಯಗಳಲ್ಲಿ ಐದು ಸಾವಿರ ಮೀಟರ್, ಹತ್ತು ಸಾವಿರ ಮೀಟರ್ ಮತ್ತು ಬಯಲೋಟ ಈ ಮೂರರಲ್ಲಿಯೂ ಆತ ಚಿನ್ನದ ಪದಕ ಗೆದ್ದ. ಗೆದ್ದದ್ದು ಫಿನ್ಲೆಂಡಿನವನು, ಆದರೆ ಕಂಬಕ್ಕೆ ಏರಿದ್ದು ರಷ್ಯದ ಧ್ವಜ. ಆ ಧ್ವಜ ಏರುವುದನ್ನು ಕಾಣುವುದಕ್ಕಿಂತ ತಾನು ಗೆಲ್ಲದಿದ್ದರೇ ಲೇಸಾಗಿತ್ತೇನೋ ಎಂಬರ್ಥದ ಮಾತನ್ನು ಆತ ಆಡಿದನೆಂದು ಕ್ರೀಡಾಚರಿತ್ರೆಕಾರರು ಬರೆದಿಟ್ಟಿದ್ದಾರೆ. ಎಂಟು ವರ್ಷಗಳ ಮೇಲೆ ಅದೇ ಮನುಷ್ಯ, ಮೂವತ್ತರ ವಯಸ್ಸಿನಲ್ಲಿ, ತನ್ನ ದೇಶದ್ದೇ ಧ್ವಜದ ಕೆಳಗೆ ಮ್ಯಾರಥಾನ್ ಗೆದ್ದ. ಆ ಎರಡು ಗೆಲುವುಗಳ ನಡುವೆ ಏನು ವ್ಯತ್ಯಾಸವಿತ್ತೆಂಬುದನ್ನು ಅಂದು ಓಡಿದವರಲ್ಲಿ ಬೇರೆ ಯಾರು ಅರಿತರೋ ಬಿಟ್ಟರೋ, ನಮ್ಮವರಿಗೆ ಅರಿಯುವ ಕಾರಣವಂತೂ ಇತ್ತು.

ಇದಕ್ಕೂ ಮೊದಲು, 1906ರಲ್ಲಿ, ಅಥೆನ್ಸಿನಲ್ಲಿ ನಡೆದ ಪಂದ್ಯಗಳಲ್ಲಿ ಪೀಟರ್ ಓಕಾನರ್ ಎಂಬ ಐರಿಶ್ ಜಿಗಿತಗಾರ ಇನ್ನೂ ಒಂದು ಹೆಜ್ಜೆ ಮುಂದೆ ಹೋದ. ಉದ್ದಜಿಗಿತದಲ್ಲಿ ಅವನಿಗೆ ಎರಡನೆಯ ಸ್ಥಾನ ಬಂದಾಗ ಬ್ರಿಟನ್ನಿನ ಧ್ವಜ ಏರಿತು. ಆಸಾಮಿ ಸುಮ್ಮನಿರಲಿಲ್ಲ, ಸರಸರನೆ ಕಂಬ ಹತ್ತಿ ಐರ್ಲೆಂಡಿನ ಹಸಿರು ಬಾವುಟವನ್ನು ಬೀಸಿದ. ಅವನ ಗೆಳೆಯ ಕೆಳಗೆ ನಿಂತು ಕಾವಲುಗಾರರನ್ನು ತಡೆದ. ಕ್ರೀಡಾಂಗಣದಲ್ಲಿ ಆಟಗಾರ ತೋರಿದ ರಾಜಕೀಯ ಪ್ರತಿಭಟನೆಗಳಲ್ಲಿ ಬಹು ಹಿಂದಿನದು ಇದೇ ಎನ್ನುವವರಿದ್ದಾರೆ.

ಪಂಡಿತನಾದ ನನಗೆ ಇಲ್ಲಿ ಭಾರತದ ಕಥೆಯೊಂದು ನೆನಪಾಗದೆ ಇರುವುದಿಲ್ಲ. ಗಮಕ ಕೇಳಿದ ಹಿರಿಯರಿಗೆ ಅದು ಹೊಸದಲ್ಲ. ದ್ರೋಣನ ಶಿಷ್ಯರು ತಮ್ಮ ವಿದ್ಯೆಯನ್ನು ಪ್ರದರ್ಶಿಸುವ ರಂಗಕ್ಕೆ ಕರ್ಣನು ಬಂದು, ಅರ್ಜುನನು ಮಾಡಿದ್ದನ್ನೆಲ್ಲ ತಾನೂ ಮಾಡಬಲ್ಲೆನೆಂದಾಗ ಅವನ ಬಿಲ್ವಿದ್ಯೆಯನ್ನು ಯಾರೂ ಪರೀಕ್ಷಿಸುವುದಿಲ್ಲ. ನಿನ್ನ ಕುಲವಾವುದು, ನೀನು ಯಾವ ರಾಜ್ಯದವನು ಎಂದು ಕೇಳುತ್ತಾರೆ. ಕರ್ಣನು ತಲೆ ತಗ್ಗಿಸುತ್ತಾನೆ. ದುರ್ಯೋಧನನು ಅಲ್ಲಿಯೇ ಅಂಗರಾಜ್ಯದ ಪಟ್ಟ ಕಟ್ಟಿದ ಮೇಲೆಯೇ ಅವನಿಗೆ ಆ ರಂಗದಲ್ಲಿ ನಿಲ್ಲುವ ಯೋಗ್ಯತೆ. ರಾಜ್ಯವಿಲ್ಲದವನಿಗೆ ಸ್ಪರ್ಧೆಯಿಲ್ಲವೆಂಬ ನಿಯಮ ಹೊಸದೇನೂ ಅಲ್ಲವೆಂದಾಯಿತು. ಹೀಗಿರಲು, ಆಟಗಾರ ರಾಜಕೀಯವನ್ನು ಆಟಕ್ಕೆ ತರಬಾರದೆಂದು ಉಪದೇಶಿಸುವವರು ಒಂದು ಸಂಗತಿಯನ್ನು ಮರೆಯುತ್ತಾರೆ. ಅವನು ಬರುವುದಕ್ಕೆ ಮುಂಚೆಯೇ ರಾಜಕೀಯ ಅಲ್ಲಿ ಬಂದು ಕುಳಿತಿರುತ್ತದೆ. ಆಂಟ್ವರ್ಪಿನ ಪಂದ್ಯಗಳಿಗೆ ಮಹಾಯುದ್ಧದಲ್ಲಿ ಸೋತ ಜರ್ಮನಿ, ಆಸ್ಟ್ರಿಯಾ, ಹಂಗೆರಿ ಮೊದಲಾದ ದೇಶಗಳಿಗೆ ಕರೆಯನ್ನೇ ಕಳಿಸಿರಲಿಲ್ಲ. ಅದನ್ನು ತೀರ್ಮಾನಿಸಿದವರು ಆಟಗಾರರಲ್ಲ.

ಈಗ ತಿರುಗಿ ಕಾಂಗ್ರೆಸ್ ಬಾವಿಯ ಹತ್ತಿರ ಬರೋಣ. ಅಧಿವೇಶನವನ್ನು ಬೆಳಗಾವಿಗೆ ತಂದು ನಡೆಸಿದ ಭಾರ ಹುದಲಿಯ ಗಂಗಾಧರರಾವ್ ದೇಶಪಾಂಡೆಯವರದು. ಸ್ವಯಂಸೇವಕರನ್ನು ಪಳಗಿಸಿ ನಿಲ್ಲಿಸಿದವರು ಹುಬ್ಬಳ್ಳಿಯ ಡಾಕ್ಟರ್ ನಾ. ಸು. ಹರ್ಡೀಕರರು. 1923ರಲ್ಲಿ ನಾಗಪುರದ ಝೆಂಡಾ ಸತ್ಯಾಗ್ರಹಕ್ಕೆ ಹೋದ ಅವರ ಬಳಗದವರು, ಕ್ಷಮಾಪಣೆ ಬರೆದುಕೊಟ್ಟು ಹೊರಬರಲು ಒಪ್ಪದೆ ಸೆರೆಮನೆಯಲ್ಲಿಯೇ ಉಳಿದು ಶಿಕ್ಷೆ ಅನುಭವಿಸಿದರು. ಆ ವರ್ಷದ ಕೊನೆಗೆ ಕಾಕಿನಾಡಾ ಅಧಿವೇಶನದಲ್ಲಿ ಹಿಂದೂಸ್ತಾನಿ ಸೇವಾದಳ ಹುಟ್ಟಿತು. ಕವಾಯತು, ವ್ಯಾಯಾಮ, ಧ್ವಜವಂದನೆ ಈ ಮೂರನ್ನು ಒಂದೇ ಹಗ್ಗದಲ್ಲಿ ಹೊಸೆದದ್ದು ಹರ್ಡೀಕರರ ದೊಡ್ಡ ಕೆಲಸವೆಂದು ನನ್ನ ಅಭಿಪ್ರಾಯ. ಮೈ ಬೆಳೆಸುವುದು ಒಂದು ಕಡೆ, ದೇಶದ ಮಾತು ಇನ್ನೊಂದು ಕಡೆ ಎಂದು ಅವರು ಬಗೆಯಲಿಲ್ಲ. ಟಿಳಕವಾಡಿಯ ಬಯಲಿನಲ್ಲಿ ಅಂದು ಹಾರಿದ ಧ್ವಜದ ಬಣ್ಣಗಳು ಬಿಳಿ, ಹಸಿರು, ಕೆಂಪು, ನಡುವೆ ಚರಕ. ನಮಗೆ ಪರಿಚಯವಿರುವ ಕೇಸರಿ, ಬಿಳಿ, ಹಸಿರಿನ ಕ್ರಮ ಬಂದದ್ದು 1931ರಲ್ಲಿ.

ಆ ಚರಕದ ಧ್ವಜ ಒಲಿಂಪಿಕ್ ಪಂದ್ಯಗಳ ಊರಿಗೂ ಹೋಯಿತು, ಆದರೆ ಗುಟ್ಟಾಗಿ. 1936ರ ಆಗಸ್ಟ್ 15, ಬರ್ಲಿನ್. ಹಾಕಿಯ ಅಂತಿಮ ಪಂದ್ಯದಲ್ಲಿ ಭಾರತಕ್ಕೆ ಜರ್ಮನಿ ಎದುರಾಳಿ. ಪಂದ್ಯಾವಳಿಗೆ ಮುಂಚಿನ ಅಭ್ಯಾಸದ ಆಟದಲ್ಲಿ ಅದೇ ಜರ್ಮನಿಗೆ ನಮ್ಮವರು ಸೋತಿದ್ದರು, ಎದೆಯಲ್ಲಿ ಅಳುಕಿತ್ತು. ಬಯಲಿಗೆ ಇಳಿಯುವ ಮುನ್ನ ಬಟ್ಟೆ ಬದಲಿಸುವ ಕೋಣೆಯಲ್ಲಿ ತಂಡದ ಸಹಾಯಕ ವ್ಯವಸ್ಥಾಪಕರಾದ ಪಂಕಜ ಗುಪ್ತರು ಕಾಂಗ್ರೆಸ್ಸಿನ ತ್ರಿವರ್ಣಧ್ವಜವನ್ನು ಹೊರತೆಗೆದರು. ಆಟಗಾರರೆಲ್ಲರೂ ಅದಕ್ಕೆ ವಂದಿಸಿ ಬಯಲಿಗಿಳಿದರೆಂದು ನಾಯಕ ಧ್ಯಾನಚಂದರು 1952ರಲ್ಲಿ ಪ್ರಕಟವಾದ ತಮ್ಮ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾರೆ. ಆ ತಂಡದಲ್ಲಿ ಹಿಂದುಗಳಿದ್ದರು, ಮುಸಲ್ಮಾನರಿದ್ದರು, ಆಂಗ್ಲೋ ಇಂಡಿಯನ್ನರಿದ್ದರು. ನಾಯಕರಂತೂ ಸ್ವತಃ ಬ್ರಿಟಿಷ್ ಸರ್ಕಾರದ ಸೈನ್ಯದ ನೌಕರರು! ಹೊರಗೆ ಕಂಬದ ಮೇಲೆ ಹಾರುತ್ತಿದ್ದದ್ದು ಅವರ ಯಜಮಾನರ ಧ್ವಜ. ಎಂಟು ಗೋಲುಗಳಿಗೆ ಒಂದರಂತೆ ಅಂದು ಗೆದ್ದರು. ಸರಿಯಾಗಿ ಹನ್ನೊಂದು ವರ್ಷ ಕಳೆದ ಮೇಲೆ ಅದೇ ತಾರೀಖಿಗೆ ದೇಶ ಸ್ವತಂತ್ರವಾಯಿತು. ಇದು ಕಾಕತಾಳೀಯವೆಂದು ಬಲ್ಲೆ. ಆದರೂ ತರಗತಿಯಲ್ಲಿ ಹೇಳದೆ ಬಿಡಲಾರೆ.

ಬಾಗಿಲು ಮುಚ್ಚಿದ ಕೋಣೆಯೊಳಗಿನ ವಂದನೆಯೂ ಒಂದು ಮಾತೇ. ಅದೇ ಬರ್ಲಿನ್ನಿನಲ್ಲಿ, ಅದಕ್ಕೆ ಆರು ದಿನ ಮೊದಲು, ಲಕ್ಷಾಂತರ ಕಣ್ಣುಗಳ ಮುಂದೆಯೇ ಇನ್ನೊಬ್ಬನು ತುಟಿ ಬಿಚ್ಚದೆ ಮಾತನಾಡಿದ್ದ. ಆತ ಮ್ಯಾರಥಾನ್ ಗೆದ್ದ ಕೊರಿಯಾದ ಸೊನ್ ಕೀ-ಚುಂಗ್. ಕೊರಿಯಾ ಆಗ ಜಪಾನಿನ ವಶದಲ್ಲಿತ್ತು. ಆದ್ದರಿಂದ ಆತ ಜಪಾನಿನ ಅಂಗಿ ತೊಟ್ಟು, ಕಿತೇಯಿ ಸೊನ್ ಎಂಬ ಜಪಾನೀ ಉಚ್ಚಾರದ ಹೆಸರಿನಿಂದ ಓಡಬೇಕಾಯಿತು. ಕೇಳಿದವರಿಗೆಲ್ಲ ಹಸ್ತಾಕ್ಷರವನ್ನು ಮಾತ್ರ ಕೊರಿಯನ್ ಅಕ್ಷರಗಳಲ್ಲಿಯೇ ಹಾಕಿಕೊಟ್ಟ. ಪದಕ ಕೊಡುವಾಗ ಜಪಾನಿನ ಧ್ವಜ ಏರಿತು, ಜಪಾನಿನ ರಾಷ್ಟ್ರಗೀತೆ ಮೊಳಗಿತು. ಸೊನ್ ತಲೆ ತಗ್ಗಿಸಿ ನಿಂತ. ಗೆದ್ದವರಿಗೆ ಕೊಡುತ್ತಿದ್ದ ಓಕ್ ಮರದ ಸಸಿಯನ್ನು ಎದೆಗೆ ಒತ್ತಿ ಹಿಡಿದು ಅಂಗಿಯ ಮೇಲಿನ ಸೂರ್ಯನ ಗುರುತನ್ನು ಮರೆಮಾಡಿದ. ಮೂರನೆಯವನಾಗಿ ಬಂದ ನಾಮ್ ಸುಂಗ್-ಯೊಂಗ್ ಕೂಡ ಕೊರಿಯಾದವನೇ. ಸೊನ್ ಗೆದ್ದದ್ದಕ್ಕೆ ತನಗೆ ಹೊಟ್ಟೆಕಿಚ್ಚಾಗಲಿಲ್ಲ, ಗುರುತು ಮುಚ್ಚಿಕೊಳ್ಳಲು ಅವನಿಗೊಂದು ಸಸಿ ಇತ್ತಲ್ಲ ಎಂದು ಆಯಿತೆಂದು ಅವನು ಮುಂದೆ ಹೇಳಿಕೊಂಡ. ಊರಲ್ಲಿ ದೋಂಗ್-ಆ ಇಲ್ಬೋ ಎಂಬ ಪತ್ರಿಕೆಯವರು ಸೊನ್ನನ ಚಿತ್ರವನ್ನು ಅಚ್ಚು ಹಾಕುವಾಗ ಎದೆಯ ಮೇಲಿನ ಧ್ವಜವನ್ನು ಅಳಿಸಿಬಿಟ್ಟರು. ಅದಕ್ಕಾಗಿ ಪತ್ರಿಕೆಯ ಬಾಗಿಲು ಸುಮಾರು ಒಂಬತ್ತು ತಿಂಗಳು ಮುಚ್ಚಿತು. ಪತ್ರಿಕೆಯವರಲ್ಲಿ ಕೆಲವರು ಸೆರೆಮನೆ ಕಂಡರು.

1988ರಲ್ಲಿ ಸಿಯೋಲಿನಲ್ಲಿ ಒಲಿಂಪಿಕ್ ಪಂದ್ಯಗಳು ಆರಂಭವಾದಾಗ ಪಂಜನ್ನು ಹಿಡಿದು ಕ್ರೀಡಾಂಗಣದೊಳಕ್ಕೆ ಓಡಿ ಬಂದವನು ಈ ಸೊನ್ನೇ. ಖಾನಾಪುರದಲ್ಲಿ ಪರಿಚಿತರ ಮನೆಯ ಟೆಲಿವಿಜನ್ನಿನ ಮುಂದೆ ಓಣಿಯ ಜನವೆಲ್ಲ ಕೂಡಿದ್ದೆವು. ಎಪ್ಪತ್ತು ದಾಟಿದ ಮುದುಕನೊಬ್ಬ ಚಿಕ್ಕ ಮಗುವಿನಂತೆ ಕುಪ್ಪಳಿಸುತ್ತ ಬರುವುದನ್ನು ಕಂಡು ನಾವೆಲ್ಲ ನಕ್ಕೆವು. ಅವನು ಯಾರೆಂಬುದು ಆಗ ನನಗೆ ಗೊತ್ತಿರಲಿಲ್ಲ. ತಿಳಿದ ಮೇಲೆ ಆ ನಗೆಯನ್ನು ನೆನೆದು ನಾಚಿದ್ದೇನೆ.

ಸ್ವಾತಂತ್ರ್ಯ ಬಂದ ಮರುವರ್ಷ, 1948ರ ಆಗಸ್ಟ್ 12ರಂದು, ಲಂಡನ್ನಿನಲ್ಲಿಯೇ ಬ್ರಿಟನ್ನನ್ನು ನಾಲ್ಕು ಗೋಲುಗಳಿಂದ ಸೋಲಿಸಿ ನಮ್ಮ ಹಾಕಿ ತಂಡ ನಮ್ಮದೇ ಧ್ವಜವನ್ನು ಏರಿಸಿತು. 1964ರಲ್ಲಿ ಟೋಕಿಯೋದಲ್ಲಿ ಪಾಕಿಸ್ತಾನವನ್ನು ಒಂದು ಗೋಲಿನಿಂದ ಗೆದ್ದು ಚಿನ್ನ ತಂದ ತಂಡದಲ್ಲಿ ಬೆಳಗಾವಿಯ ಬಂಡು ಪಾಟೀಲರಿದ್ದರು. ರೇಡಿಯೋಕ್ಕೆ ಕಿವಿಯಿಟ್ಟು ಆ ಸುದ್ದಿ ಕೇಳಿದ ಹಿರಿಯರು ನಮ್ಮ ಓಣಿಗಳಲ್ಲಿ ಇನ್ನೂ ಇದ್ದಾರೆ. ಚೌಗುಲೆಯವರ ಊರಿನವರೇ ಒಬ್ಬರು ನಲವತ್ನಾಲ್ಕು ವರ್ಷಗಳ ಮೇಲೆ, ಅಂಗಿಯ ಮೇಲೆ ಮುಚ್ಚಿಕೊಳ್ಳಬೇಕಾದ ಗುರುತು ಯಾವುದೂ ಇಲ್ಲದೆ, ನೆಟ್ಟಗೆ ನಿಂತರು.

ಹಾಗಾದರೆ ಸ್ವತಂತ್ರ ದೇಶದ ಆಟಗಾರನಿಗೆ ಹೇಳುವ ಮಾತೇ ಇರುವುದಿಲ್ಲವೇ? ಇದಕ್ಕೆ ಉತ್ತರ 1968ರ ಮೆಕ್ಸಿಕೋದಲ್ಲಿದೆ. ಅಕ್ಟೋಬರ್ 16ರಂದು ಇನ್ನೂರು ಮೀಟರ್ ಓಟದಲ್ಲಿ ಮೊದಲನೆಯವನಾಗಿ ಟಾಮಿ ಸ್ಮಿತ್, ಮೂರನೆಯವನಾಗಿ ಜಾನ್ ಕಾರ್ಲೊಸ್ ಬಂದರು. ಇಬ್ಬರೂ ಅಮೆರಿಕದ ಕರಿಯರು. ತಮ್ಮದೇ ದೇಶದ ಧ್ವಜ ಏರುತ್ತಿರುವಾಗ ತಲೆ ಬಾಗಿಸಿ, ಕಪ್ಪು ಕೈಚೀಲ ತೊಟ್ಟ ಮುಷ್ಟಿಯನ್ನು ಮೇಲೆತ್ತಿದರು. ತಮ್ಮ ಜನರ ಬಡತನದ ಗುರುತಾಗಿ ಬೂಟು ಕಳಚಿ, ಬರಿಯ ಕರಿ ಕಾಲುಚೀಲದಲ್ಲಿ ಪೀಠ ಹತ್ತಿದ್ದರು. ಪುಣೆಯಲ್ಲಿ ದೋರಾಬ್ಜಿ ಟಾಟಾ ಕಂಡ ನಮ್ಮ ಒಕ್ಕಲು ಮಕ್ಕಳ ಬರಿಗಾಲು ಬೇಕೆಂದು ಮಾಡಿಕೊಂಡದ್ದಲ್ಲ. ಇವರದು ಬೇಕೆಂದೇ ತೋರಿಸಿದ ಬರಿಗಾಲು. ಇಬ್ಬರನ್ನೂ ತಂಡದಿಂದ ತೆಗೆದು ಪಂದ್ಯಗಳಿಂದ ಹೊರಹಾಕಿದರು. ಆಗ ಒಲಿಂಪಿಕ್ ಸಮಿತಿಯ ಅಧ್ಯಕ್ಷನಾಗಿದ್ದವನು ಏವರಿ ಬ್ರಂಡೇಜ್. ಆಟದಲ್ಲಿ ರಾಜಕೀಯ ಬೇಡವೆನ್ನುತ್ತ 1936ರಲ್ಲಿ ಹಿಟ್ಲರನ ಬರ್ಲಿನ್ನಿಗೆ ಅಮೆರಿಕದ ತಂಡ ಹೋಗಲೇಬೇಕೆಂದು ಪಟ್ಟು ಹಿಡಿದವನೂ ಅವನೇ. ಈ ಎರಡನ್ನೂ ಒಟ್ಟಿಗೆ ಇಟ್ಟು ನೋಡಿದರೆ ಆ ಸಿದ್ಧಾಂತದ ತೂಕ ತಿಳಿಯುತ್ತದೆ.

ಎರಡನೆಯವನಾಗಿ ಪಕ್ಕದಲ್ಲಿ ನಿಂತಿದ್ದ ಆಸ್ಟ್ರೇಲಿಯದ ಪೀಟರ್ ನಾರ್ಮನ್ ಬಿಳಿಯನು. ಮುಷ್ಟಿ ಎತ್ತಲಿಲ್ಲ, ತಲೆ ತಗ್ಗಿಸಲಿಲ್ಲ. ಅವರ ಪಕ್ಷದ ಬಿಲ್ಲೆಯೊಂದನ್ನು ಎದೆಗೆ ಸಿಕ್ಕಿಸಿಕೊಂಡು ಸುಮ್ಮನೆ ನಿಂತ, ಅಷ್ಟೆ. ಮುಂದಿನ ಪಂದ್ಯಗಳಿಗೆ, 1972ರಲ್ಲಿ, ಅವನನ್ನು ಕಳಿಸಲಿಲ್ಲ. 2006ರಲ್ಲಿ ಆತ ತೀರಿಕೊಂಡಾಗ ಶವಪೆಟ್ಟಿಗೆಗೆ ಹೆಗಲು ಕೊಡಲು ಸ್ಮಿತ್ ಮತ್ತು ಕಾರ್ಲೊಸ್ ಸಮುದ್ರ ದಾಟಿ ಬಂದರು. 2012ರಲ್ಲಿ ಆಸ್ಟ್ರೇಲಿಯದ ಪಾರ್ಲಿಮೆಂಟು ಅವನ ಕ್ಷಮೆ ಕೋರಿತು, ಕೇಳಿಸಿಕೊಳ್ಳಲು ಅವನಿರಲಿಲ್ಲ.

ನಮ್ಮ ದೇಶವೂ ಒಮ್ಮೆ ಆಟದ ಮೂಲಕ ದೊಡ್ಡ ಮಾತನ್ನಾಡಿತು. 1974ರಲ್ಲಿ ಡೇವಿಸ್ ಕಪ್ ಟೆನಿಸ್ಸಿನ ಅಂತಿಮ ಸುತ್ತಿಗೆ ನಮ್ಮವರು ಏರಿದರು. ಎದುರಾಳಿ ದಕ್ಷಿಣ ಆಫ್ರಿಕ. ವರ್ಣಭೇದವನ್ನೇ ಕಾನೂನು ಮಾಡಿಕೊಂಡಿದ್ದ ಆ ದೇ��ದೊಡನೆ ಆಡಬಾರದೆಂದು ತೀರ್ಮಾನವಾಗಿ, ಆಡದೆಯೇ ಕಪ್ಪನ್ನು ಬಿಟ್ಟುಕೊಟ್ಟೆವು. ಅಮೃತರಾಜ್ ಸೋದರರ ಕೈಗೆ ಅಷ್ಟು ಹತ್ತಿರ ಬಂದಿದ್ದ ಕಪ್ಪು ಅದು. ತೀರ್ಮಾನ ಸರಿಯಾದದ್ದೆಂಬುದರಲ್ಲಿ ನನಗೆ ಸಂದೇಹವಿಲ್ಲ. ಆದರೆ ಸರ್ಕಾರದ ಮಾತನ್ನು ಆಟಗಾರ ಪಾಲಿಸುವುದು ಬೇರೆ, ತನ್ನ ಮಾತನ್ನು ತಾನೇ ಆಡುವುದು ಬೇರೆ. ಮೊದಲನೆಯದರಲ್ಲಿ ಹಿಂದೆ ಒಂದು ದೇಶ ನಿಂತಿರುತ್ತದೆ. ಎರಡನೆಯದರಲ್ಲಿ ಅವನು ಒಬ್ಬನೇ. ಓಟಗಾರನ ಬಾಳಿನಲ್ಲಿ ಓಡುವ ವರ್ಷಗಳು ಎಷ್ಟು? ಎಂಟೋ ಹತ್ತೋ. ಒಂದು ಕ್ಷಣದ ಮಾತಿಗಾಗಿ ಅಷ್ಟನ್ನೂ ಒತ್ತೆಯಿಡಬೇಕು.

ನಿಯಮಗಳು ಈಗ ಸ್ವಲ್ಪ ಸಡಿಲವಾಗಿವೆ. 2021ರಲ್ಲಿ ನಡೆದ ಟೋಕಿಯೋ ಪಂದ್ಯಗಳಿಗೆ ಮುಂಚೆ, ಸ್ಪರ್ಧೆ ಆರಂಭವಾಗುವುದಕ್ಕೆ ಮೊದಲು ಆಟಗಾರರು ತಮ್ಮ ಅಭಿಪ್ರಾಯವನ್ನು ಸೂಚಿಸಬಹುದೆಂದು ಒಲಿಂಪಿಕ್ ಸಮಿತಿ ಒಪ್ಪಿತು. ಪದಕ ಪಡೆಯುವ ಪೀಠದ ಮೇಲೆ ಮಾತ್ರ ಕೂಡದು. ಜನರೆಲ್ಲ ನೋಡುವ ಹೊತ್ತಿಗೆ ಸುಮ್ಮನಿರು ಎಂದ ಹಾಗಾಯಿತು. ನಮ್ಮಲ್ಲಿಯೂ 2023ರ ಮೇ 30ರಂದು, ಅಂತರರಾಷ್ಟ್ರೀಯ ಪದಕಗಳನ್ನು ಗೆದ್ದ ಕುಸ್ತಿಪಟುಗಳು ತಮ್ಮ ದೂರನ್ನು ಕೇಳುವವರಿಲ್ಲವೆಂದು ಆ ಪದಕಗಳನ್ನು ಹರಿದ್ವಾರದಲ್ಲಿ ಗಂಗೆಗೆ ಬಿಡಲು ಹೋದದ್ದನ್ನು, ರೈತ ಮುಖಂಡರ ಮಾತಿಗೆ ಒಪ್ಪಿ ಹಿಂತಿರುಗಿದ್ದನ್ನು ಎಲ್ಲರೂ ಬಲ್ಲರು. ಆ ವಾರವೆಲ್ಲ ನಮ್ಮ ಕಡೆಯ ಗರಡಿಮನೆಗಳಲ್ಲಿ ಬೇರೆ ಮಾತೇ ಇರಲಿಲ್ಲ.

ಇಷ್ಟೆಲ್ಲ ದೂರದ ಊರುಗಳ ಸಂಗತಿ ಬರೆದ ಮೇಲೆ ಹತ್ತಿರದ್ದೊಂದನ್ನು ಬರೆಯದೆ ಬಿಟ್ಟರೆ ಅದು ಅಪ್ರಾಮಾಣಿಕವಾದೀತು. ಹಲವು ವರ್ಷಗಳ ಹಿಂದೆ ನಾನು ಖಾನಾಪುರ ತಾಲೂಕಿನ ಒಂದು ಶಾಲೆಯಲ್ಲಿದ್ದೆ. ಮಲಪ್ರಭೆ ಹುಟ್ಟುವ ಕಣಕುಂಬಿಯ ಕಡೆಯ ಕಾಡುಸೀಮೆಯಲ್ಲಿ ಮಳೆಯೆಂದರೆ ಬೆಳಗಾವಿಯ ಜನ ಊಹಿಸಲಾರದ ಮಳೆ. ಅಂಥ ಕಾಡಿನ ಊರಿನಿಂದ ಬರುತ್ತಿದ್ದ ಹುಡುಗನೊಬ್ಬ ಸುತ್ತಿನ ಶಾಲೆಗಳ ಕ್ರೀಡಾಕೂಟದಲ್ಲಿ ದೂರದ ಓಟವನ್ನು ಬರಿಗಾಲಿನಲ್ಲಿ ಓಡಿ ಗೆದ್ದ. ಬಹುಮಾನ ಕೊಡಲು ಬಂದಿದ್ದ ದೊಡ್ಡವರೊಬ್ಬರು ಬೆನ್ನು ತಟ್ಟಿ, ನಾಲ್ಕು ಮಾತು ಹೇಳೆಂದು ಧ್ವನಿವರ್ಧಕವನ್ನು ಅವನ ಮುಂದೆ ಹಿಡಿದರು. ಹುಡುಗ ಒಂದು ಗಳಿಗೆ ಸುಮ್ಮನಿದ್ದು, “ಸಾಹೇಬ್ರ, ನಮ್ಮೂರ ಹಳ್ಳಕ್ಕ ಸೇತುವೆ ಇಲ್ರೀ. ಮಳಿಗಾಲದಾಗ ಎರಡ ತಿಂಗಳ ಸಾಲಿಗೆ ಬರಾಕ ಆಗೂದಿಲ್ರೀ” ಎಂದ.

ಬಯಲೆಲ್ಲ ನಿಶ್ಶಬ್ದವಾಯಿತು. ವ್ಯವಸ್ಥಾಪಕರಲ್ಲೊಬ್ಬರು ಧಾವಿಸಿ ಬಂದು ಧ್ವನಿವರ್ಧಕವನ್ನು ಕಸಿದುಕೊಂಡು, “ಆಟದ ಜಾಗಾದಾಗ ರಾಜಕೀಯ ಬ್ಯಾಡೋ ತಮ್ಮಾ” ಎಂದು ನಕ್ಕರು, ಜನವೂ ನಕ್ಕಿತು. ಹುಡುಗ ವೇದಿಕೆಯ ಕೆಳಗೆ ನಿಂತಿದ್ದ ನನ್ನ ಕಡೆ ನೋಡಿದ. ಅವನಿಗೆ ಕನ್ನಡ ಕಲಿಸಿದವನು ನಾನು. ಎದ್ದು ನಿಂತು ಸ್ಪಷ್ಟವಾಗಿ ಮಾತನಾಡಬೇಕೆಂದು ಹೇಳಿಕೊಟ್ಟವನೂ ನಾನೇ. ಆ ಹೊತ್ತಿನಲ್ಲಿ ನಾನು ಮಾಡಿದ್ದೆಂದರೆ, ಕೆಳಗೆ ಇಳಿದು ಬಾ ಎಂದು ಕೈಸನ್ನೆ.

ಮರುವರ್ಷವೂ ಅವನು ಓಡಿ ಎರಡನೆಯವನಾಗಿ ಬಂದ. ಪ್ರಮಾಣಪತ್ರವನ್ನು ಎರಡೂ ಕೈಗಳಿಂದ ತೆಗೆದುಕೊಂಡು, ನಮಸ್ಕಾರ ಮಾಡಿ, ಏನೊಂದೂ ಮಾತನಾಡದೆ ಇಳಿದು ಹೋದ. ಎಲ್ಲರೂ ಅವನ ವಿನಯವನ್ನು ಹೊಗಳಿದರು.